ಹರಿತ ಮಾಡಹೋಗಿ ಹರಿದ ಬೆಲ್ಟು

“ಇವತ್ತಿನಿಂದ ಈ ಮನ್ಯಾಗ ಮೊಂಡು ಅನ್ನೂದು ಒಂದೂ ಉಳಿಯಂಗಿಲ್ಲ!” ಎಂದು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದೆ.

ನನ್ನ ಹೆಂಡತಿ ನೇತ್ರಾ ಕೈಯಲ್ಲಿದ್ದ ಟೊಮೆಟೊದಿಂದ ಕಣ್ಣೆತ್ತಲಿಲ್ಲ. “ಹಂಗಾರ ನೀವು ಎಲ್ಲಿ ಇರಾವ್ರು?” ಎಂದಳು.

ಇಂಥ ಮಾತಿಗೆಲ್ಲ ಜಗ್ಗುವ ಗಂಡಸು ನಾನಲ್ಲ. ಬೆಳಗಾವಿಯ ಒಂದು ಇಂಜಿನಿಯರಿಂಗ್ ಕಾಲೇಜಿನ ಆಫೀಸಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ‘ಮೇಂಟೆನನ್ಸ್ ಸೆಕ್ಷನ್’ ನೋಡಿಕೊಳ್ಳುತ್ತಿರುವ ಗುಮಾಸ್ತ ನಾನು, ಗುರುಸಿದ್ದ. ಸ್ವತಃ ಒಂದು ಸ್ಕ್ರೂ ತಿರುಗಿಸಿದವನಲ್ಲ, ನಿಜ. ಆದರೆ ‘ಸ್ಕ್ರೂ ತಿರುಗಿಸತಕ್ಕದ್ದು’ ಎಂದು ನಾನು ಹೊರಡಿಸಿದ ಸುತ್ತೋಲೆಗಳನ್ನು ಸಾಲಾಗಿ ಹಾಸಿದರೆ, ಪೀರನವಾಡಿಯ ನಮ್ಮ ಮನೆಯಿಂದ ಕಾಕತಿಯವರೆಗೆ ಕಾಲಿಗೆ ಮಣ್ಣು ಹತ್ತದಂತೆ ನಡೆದುಹೋಗಬಹುದು! ಅಂಥವನ ಮನೆಯಲ್ಲಿ ಟೊಮೆಟೊ ಕೊಯ್ಯಲು ಹೋದರೆ ಅದು ಹಿಸುಕಿ ಗೋಡೆಗೆ ಸಿಡಿಯುತ್ತದೆಂದರೆ ಏನರ್ಥ? ಅದು ಗೋಡೆಯ ಮೇಲಿನ ಕಲೆಯಲ್ಲ, ನನ್ನ ಸೇವಾ ಪುಸ್ತಕದ ಮೇಲಿನ ಕಲೆ.

ಹೀಗಾಗಿ ಕರೆಂಟಿನಿಂದ ಓಡುವ, ಚಾಕು ಹರಿತ ಮಾಡುವ ಮಶೀನೊಂದನ್ನು ಆನ್‌ಲೈನ್‌ನಲ್ಲಿ ತರಿಸಿದೆ. ನೋಡಲು ಬಿಸ್ಕೀಟು ಡಬ್ಬಿಯಷ್ಟೇ. ಒಳಗೊಂದು ಪುಟ್ಟ ಮೋಟರು, ಎರಡು ಗಾಲಿ, ಗಾಲಿಗಳ ಸುತ್ತ ಒಂದು ಬೆಲ್ಟು. ಪ್ಯಾಂಟಿನ ಬೆಲ್ಟಲ್ಲ, ಉಸುಕಿನ ಕಾಗದದಂತೆ ಖರಖರ ಎನ್ನುವ, ಒಂದು ಬೆರಳಗಲದ, ಎರಡೂ ತುದಿ ಅಂಟಿಸಿ ಸುತ್ತು ಮಾಡಿದ ಪಟ್ಟಿ. ಇಂಥ ನಾಲ್ಕು ಬೆಲ್ಟು ಕೊಟ್ಟಿದ್ದರು. ಎಂಬತ್ತು, ನೂರಿಪ್ಪತ್ತು, ಇನ್ನೂರ ನಲವತ್ತು ಮತ್ತು ನಾನೂರು ನಂಬರಿನವು. ನಂಬರು ಸಣ್ಣದಿದ್ದಷ್ಟೂ ಬೆಲ್ಟು ಒರಟು, ದೊಡ್ಡದಾದಷ್ಟೂ ನಯ. ನಮ್ಮ ಕಾಲೇಜಿನಲ್ಲಿ ಇದರ ಉಲ್ಟಾ, ಹುದ್ದೆ ದೊಡ್ಡದಾದಷ್ಟೂ ಒರಟು.

ಮೊದಲ ವಾರ ನಾನು ಚಕ್ರವರ್ತಿ! ಮಶೀನು ‘ಝೂಂ’ ಎಂದರೆ ಸಾಕು, ಮನೆಯಲ್ಲಿದ್ದವರೆಲ್ಲ, ಅಂದರೆ ನೇತ್ರಾ, ಹೊರಗೆ ಹೋಗುತ್ತಿದ್ದಳು. ಟೊಮೆಟೊ ಕಾಗದದಷ್ಟು ತೆಳ್ಳಗೆ ಬಿತ್ತು. ನೇತ್ರಾಳ ಎರಡು ಬೆರಳಿಗೆ ಪಟ್ಟಿಯೂ ಬಿತ್ತು. ನಾನು ಅದನ್ನು ಮಶೀನಿನ ಯಶಸ್ಸಿನ ಲೆಕ್ಕಕ್ಕೇ ಹಾಕಿಕೊಂಡೆ. ಆ ಹುರುಪಿನಲ್ಲೇ ಖಾನಾಪುರದಲ್ಲಿರುವ ನನ್ನ ಅತ್ತೆ ನಿಂಗವ್ವನವರಿಗೆ ಫೋನು ಮಾಡಿದೆ. ಶ್ರಾವಣದಲ್ಲಿ ಅವರ ಮನೆಯಲ್ಲಿ ದೊಡ್ಡ ಕಾರ್ಯವಿತ್ತು. ನೇತ್ರಾಳ ಅಣ್ಣ ಬಸಲಿಂಗಪ್ಪನ ಮಗಳು ಸಮೃದ್ಧಿ ಏಳು ತಿಂಗಳ ಬಸುರಿ, ತವರಿನಲ್ಲಿ ಅವಳ ಸೀಮಂತ, ನಮ್ಮ ಕಡೆಯ ಕುಬಸ. ನೂರೈವತ್ತು ಜನರ ಅಡುಗೆ.

“ಅತ್ತೀ, ಚಾಕು, ಇಳಿಗಿ, ಎಲ್ಲಾ ಹಂಗ ಇಡ್ರಿ. ಕುಬಸದ ದಿನಾ ಮುಂಜಾನೆ ಮಶೀನ್ ತಗೊಂಡ್ ಬರ್ತೀನಿ. ಹತ್ತ ಮಿನಿಟಿನ್ಯಾಗ ಕತ್ತಿವರಸಿ ಮಾಡುವಂಗ ಹರಿತ ಮಾಡಿ ಕೊಡ್ತೀನಿ!”

“ಕತ್ತಿವರಸಿ ಬ್ಯಾಡ್ರಿ ಅಳಿಯಂದ್ರ, ಬದ್ನಿಕಾಯಿ ಹೆಚ್ಚಿದ್ರ ಸಾಕು,” ಎಂದರು ಅತ್ತೆ.

ಎರಡನೆಯ ವಾರ ಬೆಲ್ಟುಗಳ ಬಣ್ಣ ಕೆಟ್ಟಿತು. ಕೆಂಪಗಿದ್ದವು ಕಪ್ಪಾದವು, ಖರಖರ ಎನ್ನುತ್ತಿದ್ದವು ಜಾರತೊಡಗಿದವು. ಮಶೀನಿನ ಜೊತೆ ಬಂದ ಪುಸ್ತಿಕೆ ತೆಗೆದು ಓದಿದೆ. ಉಕ್ಕಿನ ಪುಡಿ ಬೆಲ್ಟಿನ ಕಣಗಳ ನಡುವೆ ತುಂಬಿಕೊಳ್ಳುತ್ತದೆ, ಬೆಲ್ಟು ಓಡುತ್ತಿರುವಾಗ ಅದಕ್ಕೆ ರಬ್ಬರು ಒತ್ತಿ ಹಿಡಿದರೆ ಪುಡಿ ಕಿತ್ತು ಬರುತ್ತದೆ, ಮಡಚಬಾರದು, ನೀರು, ತೇವ ತಾಗಿದರೆ ಅಂಟು ಬಿಟ್ಟುಕೊಳ್ಳುತ್ತದೆ. ನನಗೆ ರೋಮಾಂಚನವಾಯಿತು. ಮೇಂಟೆನನ್ಸು! ಹತ್ತೊಂಬತ್ತು ವರ್ಷ ಕಾಗದದ ಮೇಲೆ ಮಾಡಿದ್ದನ್ನು ಕೈಯಾರೆ ಮಾಡುವ ಸುದಿನ ಕಡೆಗೂ ಬಂದಿತ್ತು.

ಆಫೀಸಿನಿಂದ ತಂದ ಅಳಿಸುವ ರಬ್ಬರನ್ನು ಹಿಡಿದೆ. ಎರಡೇ ನಿಮಿಷ! ರಬ್ಬರೇ ಅಳಿಸಿಹೋಯಿತು. ಇನ್ನಷ್ಟು ದಪ್ಪ ರಬ್ಬರು ಬೇಕು. ಮನೆಯೆಲ್ಲ ಹುಡುಕಿದೆ. ಬಾಗಿಲ ಬಳಿ ಒಂದು ಜೊತೆ ಚಪ್ಪಲಿ, ಬಿಳಿಯ ದಪ್ಪ ರಬ್ಬರಿನ ಸೋಲು, ನನ್ನನ್ನೇ ಕಾಯುತ್ತಿದ್ದಂತೆ ಕೂತಿತ್ತು. ಎಡಗಾಲಿನದನ್ನು ಎತ್ತಿಕೊಂಡು ಬೆಲ್ಟಿಗೆ ಒತ್ತಿದೆ. ಆಹಾ! ಬೆಲ್ಟು ಹುಟ್ಟಿದ ದಿನದಷ್ಟು ಕೆಂಪಗಾಯಿತು. ನಾಲ್ಕನ್ನೂ ಹಾಗೇ ಸ್ವಚ್ಛ ಮಾಡಿ, ಚಪ್ಪಲಿ ಇದ್ದಲ್ಲೇ ಇಟ್ಟೆ.

ಸಂಜೆ ನೇತ್ರಾ ಅಂಗಡಿಗೆ ಹೊರಟವಳು ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದು ನಿಂತಳು.

“ರೀ, ನಾ ಯಾಕ ಎಡಕ್ಕ ವಾಲಾಕತ್ತೀನಿ?”

“ವಯಸ್ಸಾತು,” ಎಂದೆ.

ಅವಳು ಬಗ್ಗಿ ಚಪ್ಪಲಿ ತಿರುಗಿಸಿ ನೋಡಿದಳು. ಸೋಲಿನಲ್ಲಿ ನಾಲ್ಕು ಓಣಿ ಬಿದ್ದಿದ್ದವು. “ಇದು ಕುಬಸಕ್ಕಂತ ತಂದ ಹೊಸಾ ಚಪ್ಪಲ್ರೀ! ಏನ್ ಮಾಡೀರಿ ಇದಕ್ಕ?”

“ಬೆಲ್ಟ್ ಸ್ವಚ್ಛ ಮಾಡೂದಿತ್ತು... ಬಿಳೀ ರಬ್ಬರ್ ಭಾಳ ಛಲೋ ಅಂತ...”

“ಬೆಲ್ಟಿಗೆ ನನ್ನ ಚಪ್ಪಲಿ ತೋರಿಸೀರಿ ಅನ್ರಿ! ಬಲಗಾಲಿಂದ ಇನ್ನೂ ಐತಿ. ಅದನ್ನ ಯಾರಿಗೆ ತೋರಿಸ್ಲಿ?”

ಆ ಹೊತ್ತಿನಿಂದ ನಮ್ಮ ಮನೆಯಲ್ಲಿ ‘ಬೆಲ್ಟು’ ಎಂಬ ಶಬ್ದಕ್ಕೆ ನಿಷೇಧಾಜ್ಞೆ ಜಾರಿಯಾಯಿತು. ನಾನು ಪ್ಯಾಂಟಿಗೆ ಕೂಡ ಅದನ್ನು ಕಳ್ಳತನದಿಂದ ಕಟ್ಟಿಕೊಳ್ಳಬೇಕಾಯಿತು.

ಅಷ್ಟರಲ್ಲಿ ಶ್ರಾವಣದ ಮಳೆ ಹಿಡಿಯಿತು. ನಮ್ಮ ಕಡೆಯ ಮಳೆಗಾಲದಲ್ಲಿ ಉಪ್ಪು ಸಾರಾಗುತ್ತದೆ, ಹಪ್ಪಳ ಹಾಸಿಗೆಯಾಗುತ್ತದೆ. ನನ್ನ ಬೆಲ್ಟುಗಳೂ ಮೆತ್ತಗಾಗಿ ಅಂಚು ಸುರುಳಿ ಸುತ್ತಿಕೊಂಡವು. ತೇವ ತಾಗಬಾರದೆಂದು ಪುಸ್ತಿಕೆ ಹೇಳಿದೆ; ಎಲ್ಲಿಡಬೇಕೆಂದು ಹೇಳಿಲ್ಲ! ಟಿವಿಯ ಹಿಂದೆ ಇಟ್ಟೆ, ಫ್ರಿಜ್ಜಿನ ಮೇಲೆ ಇಟ್ಟೆ, ಒಂದು ರಾತ್ರಿ ನನ್ನ ದಿಂಬಿನ ಕೆಳಗೂ ಇಟ್ಟೆ. ಬೆಳಿಗ್ಗೆ ಕೆನ್ನೆ ಕೆರೆಯುತ್ತಿತ್ತು.

ಆಗ ನೆನಪಾಯಿತು. ಹಿಂದೊಮ್ಮೆ ನಮ್ಮ ಪ್ರಿನ್ಸಿಪಾಲರ ಫೋನು ನೀರಿಗೆ ಬಿದ್ದಾಗ ಅದನ್ನು ಅಕ್ಕಿಯಲ್ಲಿ ಹುಗಿದಿಟ್ಟು ಬದುಕಿಸಿದ್ದರು. ಅಕ್ಕಿ ತೇವ ಹೀರುತ್ತದಂತೆ! ಅಡುಗೆಮನೆಯ ಮೂಲೆಯಲ್ಲಿ ಒಂದು ಎತ್ತರದ ಡ್ರಮ್ಮು, ಅದರ ತುಂಬ ಜಾಂಬೋಟಿಯಿಂದ ತರಿಸಿದ ಅಕ್ಕಿ. ಮೊಳಕೈವರೆಗೆ ತೋಳು ಇಳಿಸಿ ನಾಲ್ಕೂ ಬೆಲ್ಟುಗಳನ್ನು ಅದರ ಹೊಟ್ಟೆಯಲ್ಲಿ ಮಲಗಿಸಿ, ಮೇಲೆ ಸಮ ಮಾಡಿದೆ. ನೇತ್ರಾಳಿಗೆ ಹೇಳಬೇಕೆಂದುಕೊಂಡೆ. ಆದರೆ ನಿಷೇಧಾಜ್ಞೆ ಇತ್ತಲ್ಲ!

ಕುಬಸದ ದಿನ ಬೆಳಗಿನ ಆರಕ್ಕೆ, ಹೊಸ ಜುಬ್ಬಾ ತೊಟ್ಟು, ಮಶೀನನ್ನು ಚೀಲಕ್ಕೆ ಹಾಕಿ, ಬೆಲ್ಟು ತೆಗೆಯಲು ಡ್ರಮ್ಮಿನ ಮುಚ್ಚಳ ತೆರೆದೆ. ಡ್ರಮ್ಮಿನ ತಳ ಲಕಲಕ ಹೊಳೆಯಿತು.

“ನೇತ್ರಾ... ಇದರಾಗಿನ ಅಕ್ಕಿ ಎಲ್ಲಿ?”

“ಅಣ್ಣ ಮೊನ್ನೇನ ಚೀಲಕ್ಕ ಸುರಕೊಂಡು ಕಾರಿನ್ಯಾಗ ಹಾಕ್ಕೊಂಡು ಒಯ್ದ. ಕುಬಸಕ್ಕಂತನ ತರಿಸಿದ್ದೆ ಅದನ್ನ. ನೀವು ಆಫೀಸಿನ್ಯಾಗಿದ್ರಿ. ಯಾಕ?”

“ಏನಿಲ್ಲ. ಸುಮ್ನ ಕೇಳಿದೆ.”

ಸ್ಕೂಟರ್ ಏರಿ ಹೊರಟೆವು. ಮಚ್ಛೆ ದಾಟಿತು, ದೇಸೂರು ದಾಟಿತು, ನನ್ನ ಬಾಯಿಂದ ಒಂದು ಮಾತು ಹೊರಡಲಿಲ್ಲ. “ಏನ್ರಿ, ಆರಾಮ ಇಲ್ಲೇನು? ಇಷ್ಟ ಶಾಂತ ಯಾವತ್ತೂ ಇದ್ದವ್ರಲ್ಲ,” ಎಂದು ಹಿಂದಿನಿಂದ ನೇತ್ರಾ ಹಣೆ ಮುಟ್ಟಿ ನೋಡಿದಳು. ಅಕ್ಕಿಯ ಚೀಲ ಬಿಚ್ಚುವ ಮೊದಲೇ ತಲುಪಬೇಕು, ಯಾರಿಗೂ ಕಾಣದಂತೆ ಒಮ್ಮೆ ಕೈ ಹಾಕಬೇಕು, ನಾಲ್ಕನ್ನೂ ಎತ್ತಿ ಕಿಸೆಗೆ ಇಳಿಸಬೇಕು. ಇದು ನನ್ನ ಯೋಜನೆ.

ಅತ್ತೆಯ ಮನೆಯ ಮುಂದೆ ಸ್ಕೂಟರ್ ನಿಲ್ಲಿಸುವುದಕ್ಕೂ ಹಿತ್ತಲಿನಿಂದ ಕೂಗು ಕೇಳುವುದಕ್ಕೂ ಸರಿಹೋಯಿತು.

“ಹಾವ್! ಅಕ್ಯಾಗ ಹಾವ್ ಐತೋ!”

ಹಿತ್ತಲಿಗೆ ಓಡಿದೆ. ಹೆಂಗಸರೆಲ್ಲ ಸೀರೆ ಎತ್ತಿಕೊಂಡು ಕಟ್ಟೆ ಏರಿದ್ದರು. ತಗಡಿನ ಚಪ್ಪರದ ಕೆಳಗೆ ಅಕ್ಕಿ ತೊಳೆಯುವ ದೊಡ್ಡ ಪಾತ್ರೆ. ಅಡುಗೆಯ ಈರಯ್ಯನವರು, ಆರಡಿ ಎತ್ತರದ ಮನುಷ್ಯ, ತಲೆಗೆ ಟವೆಲು ಸುತ್ತಿಕೊಂಡು, ಎರಡೂ ಕೈಯಲ್ಲಿ ಕಬ್ಬಿಣದ ಸವುಟು ಎತ್ತಿ ಪಾತ್ರೆಯೊಳಗಿನ ಏನನ್ನೋ ಬಡಿಯುತ್ತಿದ್ದರು. ನೀರು ಚಿಮ್ಮುತ್ತಿತ್ತು, ಅಕ್ಕಿ ಹಾರುತ್ತಿತ್ತು.

“ಕೈ ಹಾಕೀನ್ರಿ, ಮೈ ಖರಾಖರಾ ಅಂತು! ಸುತ್ತಿಕೊಂಡು ಕುಂತೈತಿ!”

ಇಣುಕಿ ನೋಡಿದೆ. ನನ್ನ ನಾನೂರು ನಂಬರು! ಅಷ್ಟು ನಯವಾದದ್ದು! ಒಗೆಯುವ ಕಲ್ಲಿಗೆ ಬಿದ್ದ ಬಟ್ಟೆಯಂತೆ ಒದ್ದಾಡುತ್ತಿತ್ತು.

“ಈರಯ್ಯನವರ, ಹೊಡೀಬ್ಯಾಡ್ರಿ! ಅದು ಹಾವಲ್ಲ, ನಂದು!” ಎಂದು ಕೂಗಿದೆ. ಸವುಟು ಗಾಳಿಯಲ್ಲೇ ನಿಂತಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಸತ್ಯ ಹೇಳಲು ಹೊರಟ ಮೇಲೆ ಅರ್ಧ ಹೇಳಿ ಬಿಡುವುದು ಸರಿಯಲ್ಲವೆನಿಸಿ, ಸಣ್ಣ ದನಿಯಲ್ಲಿ ಸೇರಿಸಿದೆ: “ಇನ್ನೂ... ಮೂರು ಅದಾವ.”

ನೇತ್ರಾ ನನ್ನನ್ನು ನೋಡಿದ ನೋಟದಲ್ಲಿ ಎಂಬತ್ತರಿಂದ ನಾನೂರರವರೆಗಿನ ಎಲ್ಲ ನಂಬರುಗಳೂ ಇದ್ದವು.

ಉಳಿದ ಮೂರನ್ನೂ ಹುಡುಕಿ ತೆಗೆದೆವು. ಆದರೆ ತೊಳೆದ ನೀರಿನಲ್ಲಿ ಕೆಂಪು ಕಣಗಳು ತೇಲುತ್ತಿದ್ದವು. ಆ ಅಕ್ಕಿ ಊಟಕ್ಕೆ ಬಾರದೆಂದು ತೀರ್ಮಾನವಾಯಿತು. ಬಸಲಿಂಗಪ್ಪ ಬೇರೆ ಅಕ್ಕಿ ತರಲು ಪೇಟೆಗೆ ಕಾರು ತಿರುಗಿಸಿದ. ಹೋಗುವಾಗ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಏನಾದರೂ ಅಂದುಬಿಡುತ್ತಿದ್ದ, ಮರ್ಯಾದಸ್ತ.

ನಾನು ಅಲ್ಲಿಗೇ ನಿಲ್ಲಿಸಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಆದರೆ ಅತ್ತೆ ನನ್ನ ಮುಖ ನೋಡಿ ಕನಿಕರಪಟ್ಟರು. “ಆಗ್ಲಿ ಬಿಡ್ರಿ, ನಮ್ಮ ಚಾಕೂಕ್ಕಂತನ ಕಾಳಜಿಲೆ ಇಟ್ಟಿದ್ರಿ. ಮೊನ್ನೆ ಸಾಣಿ ಹಿಡ್ಯಾಂವ ಬಂದಿದ್ದ. ನಮ್ಮ ಅಳಿಯಂದ್ರು ಮಶೀನ್ ತರ್ತಾರಂತ ಹೇಳಿ ಹೊಳ್ಳಿ ಕಳಿಸೀನಿ. ನೀವು ಚಾಲೂ ಮಾಡ್ರಿ,” ಎಂದು ಉಡಿಯ ಸಾಮಾನು ಜೋಡಿಸಲು ಒಳಗೆ ಹೋದರು. ಇಷ್ಟು ನಂಬಿಕೆ ಇಟ್ಟವರ ಮುಂದೆ ‘ಬೆಲ್ಟಿಗೆ ನೀರು ತಾಗಿದೆ’ ಎನ್ನಲು ಯಾವ ಅಳಿಯನಿಗೆ ನಾಲಿಗೆ ಬರುತ್ತದೆ?

ಬೆಲ್ಟುಗಳನ್ನು ಒಲೆಯ ಬಾಜೂಕ್ಕೆ ಹಿಡಿದು ಒಣಗಿಸಿದೆ. ಅಕ್ಕಿಯ ಗಂಜಿ ಅವುಗಳ ಮೈಮೇಲೆ ಬಟ್ಟೆಗೆ ಇಸ್ತ್ರಿ ಹೊಡೆದಂತೆ ಗಟ್ಟಿಯಾಗಿ ಕೂತಿತು. ಹೊಳಪು ಬಂದಿದ್ದು ನೋಡಿ ನನಗೆ ಸಂತೋಷವೇ ಆಯಿತು! ಹದಿಮೂರು ಚಾಕು ಮುಂದಿಟ್ಟುಕೊಂಡೆ, ಎರಡು ಇಳಿಗೆಯ ಅಲಗುಗಳನ್ನೂ ಮಣೆಯಿಂದ ಬಿಚ್ಚಿಸಿದೆ. ಮಶೀನು ‘ಝೂಂ’ ಎಂದಿತು. ಒಂದೊಂದನ್ನೂ ಬಲವಾಗಿ ಒತ್ತಿ ಎಳೆದೆ. ಮಧ್ಯೆ ಒಂದನ್ನೂ ಪರೀಕ್ಷೆ ಮಾಡಲಿಲ್ಲ. ಪರೀಕ್ಷೆ ಮಾಡುವುದು ಅಪನಂಬಿಕೆಯ ಲಕ್ಷಣ! ಮೂರು ಬೆಲ್ಟು ಒಂದೊಂದಾಗಿ ಅಂಟು ಬಿಟ್ಟು ಪಟ್ಟಿಯಾದವು. ನಾಲ್ಕನೆಯದು, ಎಂಬತ್ತು ನಂಬರಿನದು, ಕಟ್ಟಕಡೆಯ ಅಲಗಿಗೆ ‘ಫಟ್’ ಎಂದು ಕಿತ್ತು, ಚಪ್ಪರದ ತನಕ ಹಾರಿ, ಈರಯ್ಯನವರ ಟವೆಲಿನ ಮೇಲೆ ತುರಾಯಿಯಂತೆ ಕೂತಿತು.

“ಏನಾತ್ರಿ?” ಎಂದು ಅವರು ಬೆಚ್ಚಿದರು.

“ಹರೀತು,” ಎಂದೆ.

“ಹರಿತ ಆತೇನ್ರಿ? ಕೊಡ್ರಿ ಹಂಗಾರ!” ಎಂದು ಅವರು ಚಾಕು ತೆಗೆದುಕೊಂಡು ಸೌತೆಕಾಯಿಯ ಮೇಲೆ ಇಟ್ಟು ಎಳೆದರು. ಚಾಕು ಜಾರಿತು. ಒತ್ತಿದರು. ಸೌತೆಕಾಯಿ ಬಗ್ಗಿತು, ಕೊಯ್ಯಲಿಲ್ಲ. ಬೇರೆ ಚಾಕು ಹಿಡಿದರು, ಮತ್ತೊಂದು ಹಿಡಿದರು. ಮೊದಲು ಸುಮಾರಾಗಿಯಾದರೂ ಕೊಯ್ಯುತ್ತಿದ್ದ ಹದಿಮೂರೂ ಚಾಕು ನನ್ನ ಕೈಯಿಂದ ದುಂಡಗೆ, ನಯವಾಗಿ, ಮಕ್ಕಳ ಆಟಿಕೆಯಷ್ಟು ನಿರಪಾಯಕಾರಿಯಾಗಿ ಹೊರಬಂದಿದ್ದವು.

ಈರಯ್ಯನವರು ಚಾಕು ಕೆಳಗಿಟ್ಟು ಕೈಮುಗಿದರು. “ಸಾಹೇಬ್ರ, ಇದರ್ಲೆ ಬೆಣ್ಣಿ ಕೊಯ್ಯಬೇಕಂದ್ರೂ ಮದಲ ಬೆಣ್ಣಿ ಒಪ್ಪಿಗಿ ತಗೋಬೇಕಾಗ್ತೈತಿ.”

ಗಂಟೆ ಒಂಬತ್ತಾಗಿತ್ತು. ಎದುರಿಗೆ ಮೂವತ್ತು ಕಿಲೋ ಬದನೆಕಾಯಿ, ಸೌತೆಕಾಯಿ, ಎಲೆಕೋಸು ಗುಡ್ಡೆ ಬಿದ್ದಿದ್ದವು. ಕಟ್ಟೆಯ ಮೇಲೆ ಹಸಿರು ಸೀರೆಯುಟ್ಟು ಕೂತಿದ್ದ ಸಮೃದ್ಧಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, “ಮಾಮಾ, ಇವತ್ತ ಊಟಾ ಆಗತೈತೋ, ಇಲ್ಲಾ ನಾ ಹಡದ ಮ್ಯಾಲ ಆಗತೈತೋ?” ಎಂದು ಕೇಳಿದಳು. ಎಲ್ಲರೂ ನಕ್ಕರು. ನಾನು ಮಾತ್ರ ನಗಲಿಲ್ಲ. ಆ ಹುಡುಗಿ ಬೆಳಿಗ್ಗೆಯಿಂದ ಒಂದು ಕಪ್ಪು ಹಾಲಿನ ಮೇಲೆ ಇದ್ದಳು.

“ಓಣ್ಯಾಗ ಹೋಗಿ ಚಾಕು ಇಸ್ಕೊಂಡ್ ಬರ್ರಿ,” ಎಂದು ನೇತ್ರಾ ನನ್ನ ಕೈಗೆ ಚೀಲ ಕೊಟ್ಟಳು. ಅವಳು ಬೈಯಲಿಲ್ಲ. ಅದೇ ಹೆಚ್ಚು ಭಯ ಹುಟ್ಟಿಸಿತು.

ಪಕ್ಕದ ಮನೆಯ ಕಾಂತಾಬಾಯಿಯವರು ಮರುಮಾತಿಲ್ಲದೆ ತಮ್ಮ ಇಳಿಗೆ, ಮೂರು ಚಾಕು ಕೊಟ್ಟರು. ಅದರಾಚೆಯ ಮನೆಯ ಅಜ್ಜಿ ಬಾಗಿಲು ಅರ್ಧವೇ ತೆರೆದು, ಬೇಕಾದದ್ದು ಚಾಕು ಎಂದು ಕೇಳಿದೊಡನೆ, “ಚಾಕೂ? ಕಶಾಲಾ?” ಎಂದು ಮರಾಠಿಯಲ್ಲಿ ಏತಕ್ಕೆಂದು ಕೇಳಿದರು. ನನ್ನ ಮರಾಠಿ ಬಸ್ಸಿನ ಬೋರ್ಡು ಓದುವಷ್ಟು. “ಕುಬಸಾಲಾ!” ಎಂದೆ. ಅಜ್ಜಿ ಬಾಗಿಲು ಮುಚ್ಚಿದರು. ಆಮೇಲೆ ಕಿಟಕಿಯಿಂದ ಒಂದು ಚಾಕು ಹೊರಬಂತು.

ಹನ್ನೆರಡನೆಯ ಮನೆ ದಾಟಿ ಬರುವಾಗ, ಹೊಸ ಜುಬ್ಬಾ, ಮುಖದ ತುಂಬ ಬೆವರು, ತುದಿಗಳು ಚೀಲ ತೂತು ಮಾಡಿಕೊಂಡು ಹೊರಗೆ ಇಣುಕುವ ಇಪ್ಪತ್ತೊಂದು ಚಾಕು... ಈ ದೃಶ್ಯದ ಎದುರಿಗೆ ಒಂದು ಬೈಕು ಬಂದು ನಿಂತಿತು. ಬೈಕಿನ ಮೇಲೆ ಪೊಲೀಸು.

“ಏನ್ರೀ, ಚೀಲದಾಗ ಏನೈತಿ?”

“ಚಾಕು ಅದಾವ್ರಿ. ಇಲ್ಲೇ ನಮ್ಮ ಮನ್ಯಾಗ ಕುಬಸ ಐತ್ರಿ.”

“ಕುಬಸಕ್ಕ ಬಳಿ ಹಂಚತಾರ. ನೀವು ಚಾಕು ಹಂಚತೀರೇನು?”

“ಇಲ್ರೀ, ನಮ್ಮ ಚಾಕು ಎಲ್ಲಾ ನಾನ ಮೊಂಡ ಮಾಡೀನ್ರಿ...”

“ಯಾಕ?”

“ಹರಿತ ಮಾಡಾಕ ಹೋಗಿ.”

ಪೊಲೀಸರು ಬೈಕಿನ ಇಂಜಿನ್ ಬಂದ್ ಮಾಡಿದರು. “ನಡ್ರಿ, ಆ ಕುಬಸ ತೋರಸ್ರಿ,” ಎಂದರು. ಹೀಗೆ ನಾನು ಮುಂದೆ, ನನ್ನ ಹಿಂದೆ ಬೈಕು ದೂಡಿಕೊಂಡು ಪೊಲೀಸರು, ಅವರ ಹಿಂದೆ ಓಣಿಯ ಅರ್ಧ ಜನ. ಮೆರವಣಿಗೆ ಮನೆ ತಲುಪಿತು. ಅದೇ ಆಗ ಬಸಲಿಂಗಪ್ಪ ಅಕ್ಕಿಯ ಚೀಲ ಇಳಿಸುತ್ತಿದ್ದ.

“ಇವ್ರು ನಿಮ್ಮವ್ರೇನ್ರಿ?” ಎಂದು ಪೊಲೀಸರು ನನ್ನನ್ನು ತೋರಿಸಿ ಕೇಳಿದರು.

ಬಸಲಿಂಗಪ್ಪ ನನ್ನನ್ನು ನೋಡಿದ. ಚೀಲ ನೋಡಿದ. ತನ್ನ ಹೆಗಲ ಮೇಲಿನ ಅಕ್ಕಿ ನೋಡಿದ. ಆಕಾಶ ನೋಡಿದ. ನನ್ನ ಮದುವೆಯ ಮಾತುಕತೆಯಲ್ಲೂ ಅವನು ಇಷ್ಟು ಹೊತ್ತು ಯೋಚಿಸಿರಲಿಲ್ಲ.

“ಹಾಂ,” ಎಂದ ಕೊನೆಗೆ. “ನಮ್ಮವ್ರ. ಬ್ಯಾರೆ ಇಲಾಜಿಲ್ಲ.”

ಅಲ್ಲಿಂದ ಮುಂದೆ ಎಲ್ಲವೂ ಸರಸರ ನಡೆಯಿತು. ಹೆಂಗಸರೆಲ್ಲ ಸುತ್ತ ಕೂತು ಹೆಚ್ಚಿದರು. ಚಾಕು ಕೊಟ್ಟವರೆಲ್ಲ ಚಾಕಿನ ಹಿಂದೆ ತಾವೂ ಬಂದರು. ಕೊಟ್ಟದ್ದು ವಾಪಸು ಸಿಗುವ ಬಗ್ಗೆ ನನ್ನ ಮುಖ ಅವರಿಗೆ ಭರವಸೆ ಮೂಡಿಸಿರಲಿಲ್ಲವಂತೆ. ಕಿಟಕಿಯ ಅಜ್ಜಿ ಒಬ್ಬರೇ ಎಂಟು ಎಲೆಕೋಸು ಮುಗಿಸಿದರು. ನನಗೆ ಬೆಳ್ಳುಳ್ಳಿ ಸುಲಿಯುವ ಕೆಲಸ ಕೊಟ್ಟರು, ಉಗುರಿನಿಂದ. ಉಡಿ ತುಂಬುವುದು, ಆರತಿ, ಹಾಡು ಎಲ್ಲ ಮುಗಿದು, ಮಧ್ಯಾಹ್ನ ಎರಡಕ್ಕೆ ಪಂಕ್ತಿ ಕೂತಿತು. ಸಮೃದ್ಧಿ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದ್ದನ್ನು ನೋಡಿದ ಮೇಲೆಯೇ ನನ್ನ ಎದೆ ಹಗುರಾಗಿದ್ದು. ಪೊಲೀಸರು ಎರಡನೆಯ ಪಂಕ್ತಿಗೆ ಕೂತು ಎಣ್ಣೆಗಾಯಿಯನ್ನು ಮೂರು ಸಲ ಹಾಕಿಸಿಕೊಂಡರು. ತನಿಖೆ ಮುಕ್ತಾಯವಾಯಿತು.

ಹೊರಡುವಾಗ ನಾನು ಮಶೀನನ್ನು ಚೀಲಕ್ಕೆ ಹಾಕತೊಡಗಿದೆ. ನೇತ್ರಾ ಹೊಸ್ತಿಲಲ್ಲಿ ನಿಂತಳು.

“ಅದು ಬಂದ್ರ ನಾ ಬರಂಗಿಲ್ಲ.”

“ಮಶೀನ್ ಇನ್ನೂ ಛಲೋ ಐತಿ...”

“ನಾನೂ ಇನ್ನೂ ಛಲೋ ಅದೀನಿ. ಆರಿಸಿಕೋರಿ.”

ಸುತ್ತ ನಿಂತ ಜನರ ಮುಖ ನೋಡಿ ನಾನು ಸರಿಯಾದದ್ದನ್ನೇ ಆರಿಸಿದೆ. ಅತ್ತೆ, “ಇರ್ಲಿ ಬಿಡ್ರಿ, ನನ್ನ ಕಡೆನ ಇರಲಿ. ಏನರ ಉಪಯೋಗಕ್ಕ ಬಂದೀತು,” ಎಂದು ಮಶೀನು, ಹರಿದ ನಾಲ್ಕು ಬೆಲ್ಟು, ಎಲ್ಲ ಇದ್ದ ಚೀಲವನ್ನು ಬಿಚ್ಚಿಯೂ ನೋಡದೆ ಒಳಗಿಟ್ಟುಕೊಂಡರು. ಎಂಥ ದೊಡ್ಡ ಮನಸ್ಸು!

ಒಂದು ತಿಂಗಳಾದ ಮೇಲೆ ಒಂದು ಭಾನುವಾರ ಅತ್ತೆಯ ಫೋನು ಬಂತು.

“ಅಳಿಯಂದ್ರ, ಆ ನಿಮ್ಮ ಬೆಲ್ಟ್ ಇನ್ನೂ ಒಂದ್ ನಾಕ್ ಕಳಸ್ತೀರೇನ್ರಿ? ಇದ್ದೂವು ಸವದ ಹೋದೂ.”

ಕುರ್ಚಿಯಿಂದ ಎದ್ದೇ ನಿಂತೆ. ಸವೆದಿವೆ! ಅಂದರೆ ಉಪಯೋಗಿಸುತ್ತಿದ್ದಾರೆ! ಹರಿದ ಬೆಲ್ಟನ್ನು ಮತ್ತೆ ಅಂಟಿಸಿಕೊಂಡು, ನನ್ನಿಂದ ಆಗದ್ದನ್ನು ಎಪ್ಪತ್ತು ದಾಟಿದ ಹೆಣ್ಣುಮಗಳು ಸಾಧಿಸಿದ್ದಾರೆ! ಸ್ಪೀಕರ್ ಹಾಕಿ, ನೇತ್ರಾಳನ್ನು ಕೈಸನ್ನೆಯಿಂದ ಕರೆದೆ. ಅವಳೂ ಕೇಳಲಿ.

“ದಿನಾ ಉಪಯೋಗಸ್ತೀರೇನ್ರಿ ಅತ್ತೀ?”

“ದಿನಾ ಸಂಜೀಮುಂದ. ಓಣ್ಯಾಗಿನ ಹೆಣಮಕ್ಕಳೆಲ್ಲಾ ಬರ್ತಾರ. ಸಾಲ್ಹಿಡದ ಕುಂದರ್ತಾರ್ರಿ!”

“ಮೇಂಟೆನನ್ಸ್ ಹೆಂಗ್ ಮಾಡ್ತೀರಿ?” ಎಂದೆ, ನೇತ್ರಾಳ ಕಡೆ ವಿಜಯದ ನಗೆ ಬೀರುತ್ತ.

“ಅದೇನ ದೊಡ್ಡ ಮಾತ್ರಿ. ಬಿಸಿನೀರಾಗ ಸಾಬಾಣ ಹಚ್ಚಿ ತೊಳದು ಒಣಾ ಹಾಕ್ತೀನಿ.”

“ನೀರಾಗ? ಅತ್ತೀ! ನೀರ ಹಚ್ಚಿದ್ರ ಚಾಕು ಹೆಂಗ ಹರಿತ ಆಗ್ತಾವ್ರಿ?”

“ಚಾಕು ಯಾಕ್ರಿ? ಹಿಮ್ಮಡ ಒಡದಿರ್ತಾವಲ್ಲ, ಅದನ್ನ ತಿಕ್ಕತೀವಿ. ಎಂಬತ್ತ ನಂಬರಿಂದು ನನಗ ಬರೋಬ್ಬರಿ ಆಗತೈತಿ. ಕಾಂತಾಬಾಯಾರಿಗೆ ಅದು ಭಾಳ ಖಡಕ್, ಅವರಿಗೆ ನಾನೂರಿಂದ ಕಳಸ್ರಿ.”

ನೇತ್ರಾ ಸೆರಗು ಬಾಯಿಗೆ ಒತ್ತಿಕೊಂಡು ನೆಲಕ್ಕೆ ಕೂತುಬಿಟ್ಟಳು. ನಾನು ಫೋನು ಇಡಲು ಹೊರಟೆ. ಅತ್ತೆ ಬಿಡಲಿಲ್ಲ.

“ಮತ್ತ ಇನ್ನೊಂದ್ ಕೇಳೂದಿತ್ರಿ. ಆ ಬೆಲ್ಟ್ ಇಡಾಕಂತ ಡಬ್ಬಿ ಕೊಟ್ಟೀರಲ್ಲ, ಭಾಳ ಛಲೋ ಐತಿ, ಗಾಲಿಗೆ ಚಂದಂಗೆ ಸುತ್ತಿ ಇಡ್ತೀನಿ. ಆದ್ರ ಡಬ್ಬಿಗೆ ವಾಯರ್ ಯಾಕ ಜೋಡ್ಸ್ಯಾರ್ರಿ?”